ತಾಯಿ-ಮಗು: ಹೃದಯದ ಆಪರೇಷನ್ ಆದ ಕೂಸಿಗೆ ರಕ್ತದ ಹದ



ಈ ಸಲದ ಅಂಕಣದ ಬಹುಭಾಗ ಇಳಕಲ್ಲಿನಿಂದ ಬಂದ ಒಂದು ಪತ್ರಕ್ಕೇ ಮೀಸಲು. ಪತ್ರ ಬರೆದವರ ತಂಗಿಯ ಕೂಸಿಗೆ ಹುಟ್ಟಿದ ಎರಡನೆಯ ವಾರದಲ್ಲೇ ಹೃದಯದ ಆಪರೇಷನ್ ಆಗಿದೆ. ಆ ರಾತ್ರಿ ರಕ್ತ ನಿಲ್ಲುತ್ತಿಲ್ಲವೆಂದು ರಕ್ತ, ಪ್ಲಾಸ್ಮಾ ಏರಿಸಿದರಂತೆ. ಮೂರು ವಾರ ಬಿಟ್ಟು ಮನೆಗೆ ಕಳಿಸುವಾಗ, ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಕೊಡಲು ಗುಳಿಗೆ ಬರೆದುಕೊಟ್ಟಿದ್ದಾರೆ. ಒಮ್ಮೆ ಹೆಪ್ಪುಗಟ್ಟಲಿ ಅಂತಾರೆ, ಒಮ್ಮೆ ಹೆಪ್ಪುಗಟ್ಟಬಾರದು ಅಂತಾರೆ, ಇದರಲ್ಲಿ ಖರೆ ಯಾವುದು ಎಂಬುದು ಆ ಸೋದರಿಯ ಪ್ರಶ್ನೆ. ಹೊಲಿಗೆ ಒಣಗಿವೆ, ಕೂಸು ಹಾಲು ಕುಡಿದು ಆಡ್ತದೆ, ಇನ್ನು ಗುಳಿಗೆ ಯಾಕೆ ಅಂತ ಮನೆಯ ಹಿರಿಯರು ಕೇಳ್ತಾರೆ, ನಿಲ್ಲಿಸಬಹುದೇ ಎಂದೂ ಕೇಳಿದ್ದಾರೆ.

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡೋಣ. ನಿಲ್ಲಿಸಬೇಡಿ. ಆಪರೇಷನ್ ಮಾಡಿದ ದವಾಖಾನೆಯ ಡಾಕ್ಟರು ಹೇಳುವವರೆಗೆ ಒಂದು ದಿನವೂ ಬಿಡಬೇಡಿ. ಮೇಲಿನ ಹೊಲಿಗೆ ಒಣಗಿದ್ದು ಕಣ್ಣಿಗೆ ಕಾಣ್ತದೆ, ಒಳಗೆ ಏನಿದೆ ಅನ್ನೋದು ಕಾಣೋದಿಲ್ಲ. ಇನ್ನು ಮೊದಲ ಪ್ರಶ್ನೆ. ಡಾಕ್ಟರು ಹೇಳಿದ ಎರಡೂ ಮಾತು ಖರೆ. ಯಾಕೆ ಅಂತ ನೋಡೋಣ.

ಹಾಲಿನ ಹೆಪ್ಪು, ರಕ್ತದ ಹೆಪ್ಪು

ರಾತ್ರಿ ಹಾಲಿಗೆ ಹೆಪ್ಪು ಹಾಕುವ ನಿಮಗೆ ಇದು ಬೇಗ ತಿಳೀತದೆ. ಹಾಲು ತೀರ ತಣ್ಣಗಿದ್ದರೆ ಮೊಸರಾಗೋದಿಲ್ಲ. ಹಾಲಿಗೆ ನೀರು ಹೆಚ್ಚು ಬೆರೆತಿದ್ದರೂ ಗಟ್ಟಿಯಾಗೋದಿಲ್ಲ. ಹೆಪ್ಪು ಕಡಿಮೆ ಬಿದ್ದರೂ ಹಾಗೆಯೇ. ರಕ್ತ ಹೆಪ್ಪುಗಟ್ಟುವ ರೀತಿ ಬೇರೆ, ಆದರೆ ಈ ಮೂರು ಮಾತು ಅಲ್ಲಿಯೂ ನಿಜ.

ರಕ್ತದಲ್ಲಿ ಪ್ಲೇಟ್‌ಲೆಟ್ ಅನ್ನುವ ಸಣ್ಣ ಕಣಗಳಿವೆ. ಗಾಯವಾದ ಕಡೆ ಅವು ಹೋಗಿ ಒಂದಕ್ಕೊಂದು ಅಂಟಿಕೊಂಡು ಮುಚ್ಚಳ ಹಾಕ್ತವೆ. ಯಕೃತ್ತಿನಲ್ಲಿ ತಯಾರಾಗುವ ಕೆಲವು ಪ್ರೋಟೀನುಗಳು ಆ ಮುಚ್ಚಳದ ಮೇಲೆ ನೂಲಿನ ಬಲೆ ಹೆಣೀತವೆ. ಹೆಪ್ಪು ಅತಿಯಾಗದಂತೆ ತಡೆಯುವ ಪ್ರೋಟೀನುಗಳೂ ರಕ್ತದಲ್ಲೇ ಇವೆ. ಕಟ್ಟುವವು ಒಂದು ಪರಡಿಯಲ್ಲಿ, ತಡೆಯುವವು ಇನ್ನೊಂದು ಪರಡಿಯಲ್ಲಿ ಇದ್ದು ತಕ್ಕಡಿ ಸಮ ನಿಂತಿರ್ತದೆ.

ಹಸುಗೂಸಿನ ತಕ್ಕಡಿಯೂ ಸಮನಾಗಿಯೇ ಇರ್ತದೆ. ಆದರೆ ಎರಡೂ ಪರಡಿ ಹಗುರ. ಕಟ್ಟುವ ಪ್ರೋಟೀನುಗಳಲ್ಲಿ ಹಲವು ಕಡಿಮೆ, ತಡೆಯುವವೂ ಕಡಿಮೆ. ಹೆಚ್ಚಿನವು ದೊಡ್ಡವರ ಮಟ್ಟಕ್ಕೆ ಬರಲು ಸುಮಾರು 6 ತಿಂಗಳು ಬೇಕು. ಹಗುರ ಪರಡಿಗೆ ಒಂದು ಹರಳು ಬಿದ್ದರೂ ತಕ್ಕಡಿ ವಾಲ್ತದೆ. ಹೃದಯದ ಆಪರೇಷನ್ ಅಂದರೆ ಅದು ಹರಳಲ್ಲ, ಕಲ್ಲೇ ಬಿದ್ದಂತೆ.

ಇಲ್ಲಿಯೇ ವಿಟಮಿನ್ ಕೆ ಮಾತು ಹೇಳಬೇಕು. ಕಟ್ಟುವ ಪ್ರೋಟೀನುಗಳಲ್ಲಿ ಕೆಲವು ಕೆಲಸಕ್ಕೆ ಬರಬೇಕಾದರೆ ಈ ವಿಟಮಿನ್ ಬೇಕೇ ಬೇಕು. ಬಸಿರಿನಲ್ಲಿ ಇದು ತಾಯಿಯಿಂದ ಕೂಸಿಗೆ ಹೋಗೋದು ಬಲು ಕಡಿಮೆ, ಎದೆಹಾಲಿನಲ್ಲೂ ಕಡಿಮೆ. ಅದಕ್ಕೇ ಹುಟ್ಟಿದ ಕೂಡಲೇ ಕೂಸಿನ ತೊಡೆಗೆ 1 ಮಿಲಿಗ್ರಾಂ ವಿಟಮಿನ್ ಕೆ ಸೂಜಿ ಹಾಕ್ತಾರೆ. ತೂಕ 1 ಕಿಲೋಗಿಂತ ಕಡಿಮೆಯಿದ್ದರೆ ಅದರ ಅರ್ಧ. ಈ ವಿಟಮಿನ್ ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಅವರಿಗೆ 1943ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ನಿಮ್ಮ ಮನೆಯಲ್ಲಿ ಹೆರಿಗೆ ಇದ್ದರೆ ಈ ಸೂಜಿ ಹಾಕಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದೆ ಕೂಸಿಗೆ ಆಪರೇಷನ್ ಬೇಕಾದರೆ ಡಾಕ್ಟರು ಮೊದಲು ಕೇಳುವ ಮಾತುಗಳಲ್ಲಿ ಇದೂ ಒಂದು.

ಇನ್ನೊಂದು ಮಾತನ್ನು ಕೇಳದಿದ್ದರೂ ಹೇಳಬೇಕು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡೋದು ರೂಢಿ. ರಕ್ತ ಹೆಪ್ಪುಗಟ್ಟದ ಕೆಲವು ಅಪರೂಪದ ಹುಟ್ಟು ದೋಷಗಳು ಇಂಥ ಸಂಬಂಧಗಳಲ್ಲಿ ಹೆಚ್ಚು ಕಾಣ್ತವೆ. ಕೂಸಿನ ಹೊಕ್ಕಳ ಬಳ್ಳಿ ಬಿದ್ದಾಗ ರಕ್ತ ಬಹಳ ಹೊತ್ತು ಒಸರಿದ್ದರೆ, ಮನೆತನದಲ್ಲಿ ಯಾರಿಗಾದರೂ ಸಣ್ಣ ಗಾಯಕ್ಕೂ ರಕ್ತ ನಿಲ್ಲದಿದ್ದರೆ, ಹಿಂದಿನ ಕೂಸು ರಕ್ತ ಹೋಗಿ ತೀರಿಕೊಂಡಿದ್ದರೆ, ಸಂಕೋಚ ಮಾಡದೆ ಆಪರೇಷನ್‌ಗೆ ಮೊದಲೇ ಹೇಳಿ.

ಆಪರೇಷನ್ ಕೋಣೆಯಲ್ಲಿ ಆಗುವುದೇನು?

ಹೃದಯದ ಒಳಗೆ ಕೆಲಸ ಮಾಡಬೇಕಾದರೆ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಆ ಹೊತ್ತಿನಲ್ಲಿ ರಕ್ತ ಓಡಿಸುವ ಕೆಲಸವನ್ನು ಒಂದು ಯಂತ್ರ ಮಾಡ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಸರ್ಜನ್ 1953ರ ಮೇ 6ರಂದು ಇಂಥ ಯಂತ್ರ ಹಚ್ಚಿ ಆಪರೇಷನ್ ಗೆಲ್ಲಿಸಿದರು. ಆಗ ರೋಗಿ ವಯಸ್ಸಿಗೆ ಬಂದ ಹುಡುಗಿ. ಹಸುಗೂಸಿನವರೆಗೆ ಆ ವಿದ್ಯೆ ಇಳಿದು ಬರಲು ಬಹಳ ವರ್ಷ ಹಿಡಿಯಿತು. ನಮ್ಮ ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟಿ ಅವರು 1992ರಲ್ಲಿ ಕಲಕತ್ತೆಯಲ್ಲಿ ಒಂದು ನವಜಾತ ಕೂಸಿಗೆ ಮಾಡಿದ ಹೃದಯದ ಆಪರೇಷನ್ ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. ಬೆಂಗಳೂರಿನ ನಾರಾಯಣ ಹೃದಯಾಲಯ ಕಟ್ಟಿದವರೂ ಅವರೇ.

ಈಗ ಲೆಕ್ಕ ನೋಡಿ. 3 ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು. ಯಂತ್ರದ ನಳಿಕೆಗಳನ್ನು ಮೊದಲೇ ದ್ರವ, ರಕ್ತ ತುಂಬಿ ಸಿದ್ಧ ಮಾಡಬೇಕು. ಕೂಸಿನ ಅಷ್ಟು ರಕ್ತಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊರಗಿನದು ಬೆರೀತದೆ. ಹಾಲಿಗೆ ನೀರು ಬೆರೆತ ಹಾಗಾಯ್ತು. ಮೈಯನ್ನು ತಣ್ಣಗೆ ಮಾಡ್ತಾರೆ. ಪ್ಲಾಸ್ಟಿಕ್ ನಳಿಕೆಗಳಲ್ಲಿ ಸುತ್ತಿ ಸುತ್ತಿ ಪ್ಲೇಟ್‌ಲೆಟ್‌ಗಳು ದಣೀತವೆ, ಕಡಿಮೆಯಾಗ್ತವೆ. ಯಂತ್ರದಲ್ಲಿ ರಕ್ತ ಗಡ್ಡೆ ಕಟ್ಟಬಾರದೆಂದು ಹೆಪಾರಿನ್ ಎಂಬ ಔಷಧ ಹಾಕ್ತಾರೆ. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿಯ ಕೈಗೆ ಸಿಕ್ಕ ದ್ರವ್ಯದಿಂದ ಇದರ ಕಥೆ ಶುರುವಾಯಿತು. ಆಪರೇಷನ್ ಮುಗಿದ ಮೇಲೆ ಪ್ರೊಟಮಿನ್ ಎಂಬ ಇನ್ನೊಂದು ಔಷಧ ಕೊಟ್ಟು ಹೆಪಾರಿನ್ನಿನ ಪ್ರಭಾವ ಇಳಿಸ್ತಾರೆ.

ಇಷ್ಟಾದ ಮೇಲೂ ಮೊದಲ ದಿನ ಕೆಲವು ಕೂಸುಗಳಲ್ಲಿ ರಕ್ತ ಬೇಗ ನಿಲ್ಲೋದಿಲ್ಲ. ಆಗ ಪರೀಕ್ಷೆ ಮಾಡಿ, ಯಾವುದು ಕಡಿಮೆಯಿದೆಯೋ ಅದನ್ನೇ ಕೊಡ್ತಾರೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಪ್ಲೇಟ್‌ಲೆಟ್, ಬಲೆ ಹೆಣೆಯುವ ಪ್ರೋಟೀನು ಕಡಿಮೆಯಿದ್ದರೆ ಪ್ಲಾಸ್ಮಾ ಅಥವಾ ಅದರಿಂದ ತೆಗೆದ ಕ್ರಯೋ. ಎದೆಯಿಂದ ನಳಿಕೆ ಇಳಿಬಿಟ್ಟು ಎಷ್ಟು ರಕ್ತ ಬರ್ತದೆ ಅಂತ ತಾಸುತಾಸಿಗೆ ಅಳೀತಾರೆ. ಕೆಲವು ಸಲ ಎದೆಯ ಗಾಯ ಹೊಲಿಯದೆ, ಶುದ್ಧ ಹೊದಿಕೆ ಮುಚ್ಚಿ ಒಂದೆರಡು ದಿನ ಬಿಟ್ಟು ಹೊಲೀತಾರೆ. ಇದನ್ನು ನೋಡಿ ತಾಯಂದಿರು ಎದೆ ಒಡೆದುಕೊಳ್ತಾರೆ. ಊದಿದ ಹೃದಯಕ್ಕೆ ಜಾಗ ಸಿಗಲಿ, ರಕ್ತ ಒಳಗೆ ನಿಲ್ಲದಿರಲಿ ಅಂತ ಬೇಕೆಂದೇ ಮಾಡುವ ಉಪಾಯ ಇದು.

ಈ ಹೊತ್ತಿನಲ್ಲಿ ಮನೆಯ ಗಂಡಸರು ಮಾಡಬಹುದಾದ ದೊಡ್ಡ ಕೆಲಸ ರಕ್ತ ಕೊಡುವುದು. ಪ್ಲೇಟ್‌ಲೆಟ್ ಇಟ್ಟುಕೊಳ್ಳಲು ಬರೋದು 5 ದಿನ ಮಾತ್ರ. ಅದಕ್ಕೇ ಅದು ಯಾವಾಗಲೂ ಸಿದ್ಧ ಸಿಗೋದಿಲ್ಲ. ಬೆಂಗಳೂರಿಗೆ ಹೋಗುವಾಗ ಜೊತೆಗೆ ಇಬ್ಬರು ಗಟ್ಟಿಮುಟ್ಟಾದ ಕಾಕಾ, ಮಾವ ಹೊರಡಲಿ. ಬಾಣಂತಿ ಮಾತ್ರ ರಕ್ತ ಕೊಡಬಾರದು.

ತಕ್ಕಡಿ ಇನ್ನೊಂದು ಕಡೆ ವಾಲಿದಾಗ

ರಕ್ತ ನಿಂತಿತು, ಕೂಸು ಕಣ್ಣು ಬಿಟ್ಟಿತು. ಈಗ ಇನ್ನೊಂದು ಕಡೆಯ ಭಯ ಶುರು. ಹೊಸ ಹೊಲಿಗೆ, ಸಣ್ಣ ರಕ್ತನಾಳ, ಕುತ್ತಿಗೆ ತೊಡೆಗಳಲ್ಲಿ ಚುಚ್ಚಿದ ನಳಿಕೆ, ಇವೆಲ್ಲ ರಕ್ತ ಗಡ್ಡೆ ಕಟ್ಟಲು ಜಾಗ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಷಂಟ್ ಹಾಕಿದ ಕೂಸುಗಳಿಗೆ. ಶ್ವಾಸಕೋಶಕ್ಕೆ ರಕ್ತ ಸಾಲದೆ ನೀಲಿಗಟ್ಟುವ ಕೂಸಿಗೆ, ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ರಕ್ತನಾಳಕ್ಕೆ ಒಂದು ಸಣ್ಣ ನಳಿಕೆ ಜೋಡಿಸ್ತಾರೆ. ಈ ದಾರಿಯನ್ನು ಮೊದಲು ತೆರೆದದ್ದು 1944ರ ನವೆಂಬರ್ 29ರಂದು, ಅದೇ ಬಾಲ್ಟಿಮೋರಿನಲ್ಲಿ. ಉಪಾಯ ಹೊಳೆದದ್ದು ಹೆಲೆನ್ ಟಾಸಿಗ್ ಎಂಬ ಮಕ್ಕಳ ವೈದ್ಯೆಗೆ, ಆಪರೇಷನ್ ಮಾಡಿದ್ದು ಆಲ್ಫ್ರೆಡ್ ಬ್ಲಾಲಾಕ್. ಅದರ ಕೈಕೆಲಸವನ್ನು ಪ್ರಯೋಗಶಾಲೆಯಲ್ಲಿ ರೂಢಿಸಿ, ಆ ದಿನ ಸರ್ಜನ್ನರ ಹಿಂದೆ ನಿಂತು ಹೇಳಿಕೊಟ್ಟವರು ವಿವಿಯನ್ ಥಾಮಸ್ ಎಂಬ ಕರಿಯ ಸಹಾಯಕರು. ಅವರು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಮೊದಲು ಬಡಗಿ ಕೆಲಸ ಕಲಿತವರು.

ಹಸುಗೂಸಿಗೆ ಈಗ ಹಾಕುವ ನಳಿಕೆಯ ಅಗಲ ಸಾಮಾನ್ಯವಾಗಿ 3.5 ಮಿ.ಮೀ. ಮಕ್ಕಳ ಬಾಲ್ ಪೆನ್ನಿನ ರೀಫಿಲ್ ತೆಗೆದು ನೋಡಿ, ಅಷ್ಟೇ ಸಣ್ಣದು. ಕೂಸಿನ ಉಸಿರೆಲ್ಲ ಆ ರೀಫಿಲ್ಲಿನ ಮೇಲೆ ನಿಂತಿರ್ತದೆ. ಅದರಲ್ಲಿ ಒಂದು ಜೋಳದ ಕಾಳಿನಷ್ಟು ಹೆಪ್ಪು ಕೂತರೂ ದಾರಿ ಬಂದ್. ಹೀಗಾಗದಂತೆ ಕೊಡುವ ಗುಳಿಗೆಯೇ ಆಸ್ಪಿರಿನ್. ಅದು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳೋದನ್ನು ಕಡಿಮೆ ಮಾಡ್ತದೆ. ಕೆಲವು ಕೂಸುಗಳಿಗೆ ಹೆಪಾರಿನ್ ಜಾತಿಯ ಸೂಜಿಯನ್ನು ದಿನಕ್ಕೆ ಎರಡು ಸಲ ಚರ್ಮದ ಕೆಳಗೆ ಹಾಕಬೇಕಾಗ್ತದೆ. ಬೆಳೆದ ಮಕ್ಕಳಿಗೆ, ವಿಶೇಷವಾಗಿ ಕೃತಕ ಕವಾಟ ಹಾಕಿದವರಿಗೆ, ವಾರ್ಫರಿನ್ ಅಥವಾ ಅದೇ ಜಾತಿಯ ಅಸಿಟ್ರೋಮ್ ಕೊಟ್ಟು ರಕ್ತಪರೀಕ್ಷೆ ಮಾಡಿಸ್ತಾ ಇರ್ತಾರೆ. ಆಪರೇಷನ್ ಆದ ಎಲ್ಲಾ ಕೂಸುಗಳಿಗೂ ಇಂಥ ಔಷಧ ಬೇಕಾಗೋದಿಲ್ಲ. ಪಕ್ಕದ ಮನೆಯ ಕೂಸಿಗೆ ನಿಲ್ಲಿಸಿದರು ಅಂತ ನೀವು ನಿಲ್ಲಿಸುವ ಹಾಗಿಲ್ಲ.

ಔಷಧ ಕೊಡುವ ರೀತಿ

ದವಾಖಾನೆ ಬಿಡುವ ಮೊದಲು ನರ್ಸಮ್ಮನವರ ಎದುರಿಗೇ ನೀವು ಒಂದು ಸಲ ಔಷಧ ಕಲಸಿ ಕೊಟ್ಟು ತೋರಿಸಿ. ಅಳತೆಗೆ ಸಿರಿಂಜು ಬೇಕು. ಮನೆಯ ಚಮಚ ಒಂದರಂತೆ ಒಂದಿರೋದಿಲ್ಲ. ಮೇಲೆ ಲೇಪವಿರುವ ಆಸ್ಪಿರಿನ್ ಗುಳಿಗೆ ಪುಡಿ ಮಾಡಲು ತಕ್ಕದ್ದಲ್ಲ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಡಾಕ್ಟರಿಗೆ ಫೋನು ಮಾಡಿ ಕೇಳಿಯೇ ಕೊಡಿ.

ದಿನಾ ಒಂದೇ ಹೊತ್ತಿಗೆ ಕೊಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಕೊಟ್ಟ ಕೂಡಲೇ ಗುರುತು ಹಾಕಿ. ಇಲ್ಲದಿದ್ದರೆ ನೀವೂ ಕೊಟ್ಟು, ಅತ್ತೆಯವರೂ ಕೊಟ್ಟು ಎರಡು ಸಲ ಆದೀತು. ಒಂದು ಹೊತ್ತು ತಪ್ಪಿದರೆ ಮರುದಿನ ಎರಡು ಪಟ್ಟು ಕೊಡಬೇಡಿ. ಕೂಸು ಕಕ್ಕಿಕೊಂಡರೆ ಮತ್ತೆ ಕೊಡಬೇಕೋ ಬೇಡವೋ ಅಂತ ಕೇಳಿ. ಕೂಸಿನ ತೂಕ ಏರಿದ ಹಾಗೆ ಔಷಧದ ಅಳತೆಯೂ ಬದಲಾಗಬೇಕು. ಆದ್ದರಿಂದ ಹೇಳಿದ ದಿನ ಪರೀಕ್ಷೆಗೆ ಹೋಗೋದನ್ನು ತಪ್ಪಿಸಬೇಡಿ. ಗುಳಿಗೆ ಮುಗಿಯುವ ಒಂದು ವಾರ ಮೊದಲೇ ಹೊಸದು ತಂದಿಡಿ.

ಸೂಜಿ ಹಾಕುವವರು ದಿನಾ ಜಾಗ ಬದಲಿಸಿ. ಹಾಕಿದ ಮೇಲೆ ಅರಿವೆಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ, ತಿಕ್ಕಬೇಡಿ.

ಆಸ್ಪಿರಿನ್ ತೆಗೆದುಕೊಳ್ಳುವ ಕೂಸಿಗೆ ಜ್ವರ, ನೆಗಡಿ ಬಂದರೆ ಅಥವಾ ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದರೆ, ಅಂದರೆ ಸೀತಾಳೆ ಸಿಡುಬು ಬಂದರೆ, ಅದೇ ದಿನ ಡಾಕ್ಟರಿಗೆ ತಿಳಿಸಿ. ಆ ರೋಗಗಳ ಜೊತೆ ಆಸ್ಪಿರಿನ್ ಸೇರಿದರೆ ಯಕೃತ್ತಿಗೂ ಮಿದುಳಿಗೂ ಅಪಾಯವಾಗುವ ಒಂದು ಅಪರೂಪದ ಕಾಯಿಲೆ ಇದೆ. ಏನು ಮಾಡಬೇಕೆಂದು ಅವರು ಹೇಳ್ತಾರೆ, ನೀವಾಗಿ ನಿರ್ಧರಿಸಬೇಡಿ. ಜ್ವರಕ್ಕೆಂದು ಅಂಗಡಿಯಿಂದ ಬ್ರೂಫಿನ್ ಜಾತಿಯ ಔಷಧ ತಂದು ಹಾಕಬೇಡಿ. ಅದು ಆಸ್ಪಿರಿನ್ನಿನ ಕೆಲಸ ಕೆಡಿಸ್ತದೆ, ರಕ್ತಸ್ರಾವವನ್ನೂ ಹೆಚ್ಚಿಸ್ತದೆ.

ಬೇಸಿಗೆ, ಭೇದಿ ಮತ್ತು ಷಂಟ್

ಸೋದರಿಯರೆ, ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಿ. ಷಂಟ್ ಇರುವ ಕೂಸಿನ ಮೈಯಲ್ಲಿ ನೀರು ಕಡಿಮೆಯಾಗಬಾರದು. ನೀರು ಕಡಿಮೆಯಾದರೆ ರಕ್ತ ಮಂದವಾಗ್ತದೆ, ಆ ರೀಫಿಲ್ಲಿನಂಥ ನಳಿಕೆಯಲ್ಲಿ ಹರಿವು ನಿಧಾನವಾಗ್ತದೆ, ಹೆಪ್ಪು ಕೂರ್ತದೆ. ಗುಳಿಗೆ ತಪ್ಪದೆ ಕೊಟ್ಟಿದ್ದರೂ ಹೀಗಾಗಬಹುದು.

ನಮ್ಮ ಬಾಗಲಕೋಟೆ ಜಿಲ್ಲೆಯ ಏಪ್ರಿಲ್-ಮೇ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ತಗಡಿನ ಮನೆಯಲ್ಲಿ, ಮಗ್ಗದ ಕೋಣೆಯ ಕಾವಿನಲ್ಲಿ ಕೂಸಿಗೆ ಕುಲಾಯಿ, ದುಪ್ಪಟಿ ಸುತ್ತಿ ಬೆವರಿಸಬೇಡಿ. ಎದೆಹಾಲು ಪದೇ ಪದೇ ಕೊಡಿ. ಬೇರೆ ಕೂಸಿಗೆ ನಾಲ್ಕು ಸಲ ಭೇದಿಯಾದರೆ ಒಂದು ದಿನ ನೋಡೋಣ ಅಂತೀರಿ. ಈ ಕೂಸಿಗೆ ಹಾಗೆ ನೋಡುತ್ತಾ ಕೂರಬೇಡಿ. ಭೇದಿ, ವಾಂತಿ, ಎರಡು ಹೊತ್ತು ಹಾಲು ಬಿಟ್ಟದ್ದು, ಲಂಗೋಟಿ ಆರು ತಾಸು ಒಣಗಿಯೇ ಇದ್ದದ್ದು, ನೆತ್ತಿ ಕುಳಿ ಬಿದ್ದದ್ದು, ಇದರಲ್ಲಿ ಯಾವುದು ಕಂಡರೂ ದವಾಖಾನೆಗೆ ಹೊರಡಿ. ಸಲಾಯಿನ್ ಹಚ್ಚಬೇಕಾದೀತು. ಉಚ್ಚೆ ಹೆಚ್ಚಿಸುವ ಔಷಧವೂ ನಡೆದಿದ್ದರೆ ಭೇದಿಯ ದಿನ ಅದನ್ನು ಕೊಡಬೇಕೇ ಎಂದು ಮೊದಲು ಕೇಳಿ.

ಈ ಗುರುತು ಕಂಡರೆ ತಡ ಬೇಡ

ರಕ್ತ ಗಡ್ಡೆ ಕಟ್ಟಿದ ಗುರುತುಗಳು: ತುಟಿ, ನಾಲಿಗೆ ಮೊದಲಿಗಿಂತ ಹೆಚ್ಚು ನೀಲಿಯಾಗೋದು, ಏದುಸಿರು, ಹಾಲು ಕುಡಿಯಲು ಶಕ್ತಿಯಿಲ್ಲದೆ ಬೆವರೋದು, ಒಂದು ಕಾಲು ಅಥವಾ ಕೈ ಮಾತ್ರ ತಣ್ಣಗೆ ಬಿಳಚಿಕೊಳ್ಳೋದು, ಇಲ್ಲವೆ ಊದೋದು, ಮುಖ, ಕುತ್ತಿಗೆ ಬಾತುಕೊಳ್ಳೋದು, ಒಂದು ಕಡೆಯ ಕೈಕಾಲು ಆಡದಿರೋದು.

ರಕ್ತ ಸೋರುವ ಗುರುತುಗಳು: ಕರಿ ಡಾಂಬರಿನಂಥ ಮಲ ಅಥವಾ ರಕ್ತದ ಮಲ, ಉಚ್ಚೆ ಕೆಂಪಾಗೋದು, ಏನೂ ತಾಗದೆ ಮೈಮೇಲೆ ನೀಲಿ ಕಲೆ, ಮೂಗು, ಹೊಕ್ಕಳು, ಹೊಲಿಗೆಯಿಂದ ರಕ್ತ ಒಸರೋದು, ನೆತ್ತಿ ಉಬ್ಬೋದು, ಕೀರಲು ಅಳು, ಎಬ್ಬಿಸಿದರೂ ಏಳದ ನಿದ್ದೆ, ಸೆಳವು. ತೊಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದರೆ ಕೂಸು ಚೆನ್ನಾಗಿ ಕಂಡರೂ ತೋರಿಸಲೇಬೇಕು.

ನೇರ ಬೆಂಗಳೂರಿಗೆ ಬಸ್ಸು ಹತ್ತಬೇಡಿ. ಅದು ಇಡೀ ರಾತ್ರಿಯ ಹಾದಿ. 108ಕ್ಕೆ ಫೋನು ಮಾಡಿ. ಬಾದಾಮಿ, ಹುನಗುಂದ, ಇಳಕಲ್ಲಿನವರು ಹತ್ತಿರದ ಸರ್ಕಾರಿ ದವಾಖಾನೆಗೆ, ಬಾಗಲಕೋಟೆಯವರು ಜಿಲ್ಲಾ ಆಸ್ಪತ್ರೆಗೆ ಅಥವಾ ಮಕ್ಕಳ ಡಾಕ್ಟರಿರುವ ದೊಡ್ಡ ದವಾಖಾನೆಗೆ ಮೊದಲು ಮುಟ್ಟಿರಿ. ಹೋದ ಕೂಡಲೇ ಹೇಳಬೇಕಾದ ಮಾತು ಮೂರು: ಯಾವ ಆಪರೇಷನ್ ಆಗಿದೆ, ಷಂಟ್ ಇದೆಯೋ ಇಲ್ಲವೋ, ರಕ್ತ ತೆಳುಮಾಡುವ ಯಾವ ಔಷಧ ನಡೆದಿದೆ. ಡಿಸ್ಚಾರ್ಜ್ ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ತೊಟ್ಟಿಲ ಹತ್ತಿರವೇ ಇರಲಿ. ಅದರ ಫೋಟೋ ಮನೆಯ ಎರಡು ಫೋನಿನಲ್ಲಿ ಇರಲಿ. ಅಲ್ಲಿನ ಡಾಕ್ಟರು ಆಪರೇಷನ್ ಮಾಡಿದವರ ಜೊತೆ ಫೋನಿನಲ್ಲಿ ಮಾತಾಡಿ ಮುಂದಿನದು ಮಾಡ್ತಾರೆ.

ಪ್ರೀತಿಯಿಂದಲೇ ಆಗುವ ಅಪಾಯ

ನಮ್ಮ ಮನೆಗಳಲ್ಲಿ ಹಿರಿಯರು ಕೂಸಿಗೆ ಮಾಡೋದೆಲ್ಲ ಅಕ್ಕರೆಯಿಂದಲೇ. ಆದರೂ ಈ ಕೂಸಿಗೆ ಕೆಲವು ಬೇಡ. ಹೊಟ್ಟೆನೋವಿಗೆ ಬರೆ ಹಾಕಿಸೋದು ಯಾವ ಕೂಸಿಗೂ ಬೇಡ, ಇದಕ್ಕಂತೂ ಕೇಳಲೇಬೇಡಿ. ಗುಟ್ಟಿ, ಬಜೆ, ಜೇನು ನೆಕ್ಕಿಸಬೇಡಿ. ಕಿವಿ ಚುಚ್ಚೋದು, ಬನಶಂಕರಿ ಹರಕೆಯ ಜಾವಳ, ಇವಕ್ಕೆ ಡಾಕ್ಟರು ಸೈ ಅನ್ನಲಿ, ದೇವಿ ಕಾಯ್ತಾಳೆ. ಎದೆಯ ಎಲುಬು ಕೂಡುವವರೆಗೆ, ಸುಮಾರು ಆರು ವಾರ, ಕಾಲ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕಿ ಎರೆಯಬೇಡಿ. ಎತ್ತುವಾಗ ರಟ್ಟೆ, ಕಂಕುಳು ಹಿಡಿದು ಎತ್ತದೆ, ಒಂದು ಕೈ ತಲೆಯ ಕೆಳಗೆ, ಒಂದು ಕೈ ಕುಂಡಿಯ ಕೆಳಗೆ ಕೊಟ್ಟು ಎತ್ತಿ.

ಕಿರು ಉತ್ತರಗಳು

*ಬಾದಾಮಿಯ ಬಾಣಂತಿಯೊಬ್ಬರಿಗೆ:* ಕೂಸಿಗೆ ರಕ್ತದ ಔಷಧ ನಡೆದಿದೆ ಎಂದು ನೀವು ಮೆಂತ್ಯೆ, ರಾಜಗಿರಿ ಪಲ್ಯ ಬಿಡಬೇಕಾಗಿಲ್ಲ. ಸೊಪ್ಪಿನ ವಿಟಮಿನ್ ಕೆ ಎದೆಹಾಲಿಗೆ ಇಳಿಯೋದು ಬಲು ಸ್ವಲ್ಪ. ರೊಟ್ಟಿ, ಪಲ್ಯ, ಬ್ಯಾಳಿ ಹೊಟ್ಟೆತುಂಬ ಉಣ್ಣಿ. ವಾರ್ಫರಿನ್ ಜಾತಿಯ ಗುಳಿಗೆ ತೆಗೆದುಕೊಳ್ಳುವ ಕೂಸಿಗೆ ಎದೆಹಾಲು ಬಿಡಿಸಿ ಡಬ್ಬಿ ಹಾಲು ಹಚ್ಚುವ ಮೊದಲು ಮಾತ್ರ ಡಾಕ್ಟರಿಗೆ ಹೇಳಿ. ಡಬ್ಬಿ ಹಾಲಿನಲ್ಲಿ ಈ ವಿಟಮಿನ್ ಹೆಚ್ಚಿರ್ತದೆ, ಗುಳಿಗೆಯ ಅಳತೆ ತಪ್ಪೀತು.

*ಹುನಗುಂದದ ಅಜ್ಜಿಯವರಿಗೆ:* ಲಸಿಕೆ ಹಾಕಿಸಲೇಬೇಕು. ಸಿಸ್ಟರಿಗೆ ಔಷಧದ ಹೆಸರು ಮೊದಲೇ ಹೇಳಿ, ಹಾಕಿದ ಜಾಗ ಐದು ನಿಮಿಷ ಒತ್ತಿ ಹಿಡಿಯಿರಿ. ರಕ್ತ, ಪ್ಲಾಸ್ಮಾ ಏರಿಸಿದ ಕೂಸಿಗೆ 9 ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ತಾರೀಖು ಮುಂದೆ ಹೋಗಬಹುದು. ಕೇಳಿ ಬರೆಸಿಕೊಳ್ಳಿ.

*ಬಾಗಲಕೋಟೆಯ ಸೋದರಿಗೆ:* ಖರ್ಚಿನ ಚಿಂತೆಯಿಂದ ಆಪರೇಷನ್ ಮುಂದೂಡಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದಯದೋಷವೂ ಸೇರಿದೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿ.ಪಿ.ಎಲ್. ಕಾರ್ಡ್, ಆಧಾರ್ ಹಿಡಿದು ಆಶಾ ಕಾರ್ಯಕರ್ತೆಯ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಇಳಕಲ್ಲಿನ ಸೋದರಿಯವರೆ, ನಿಮ್ಮ ತಂಗಿಯ ಮನೆಯವರಿಗೆ ಈ ಪುಟ ಓದಿ ಹೇಳಿ. ಗುಳಿಗೆ ಯಾಕೆ ಅಂತ ಕೇಳುವ ಅತ್ತೆಯವರ ಕೈಗೇ ಆ ಕ್ಯಾಲೆಂಡರಿನ ಗುರುತು ಹಾಕುವ ಕೆಲಸ ಕೊಡಿ. ಮೊಮ್ಮಗುವಿನ ಗುಳಿಗೆಯ ಹೊತ್ತು ಅವರು ತಪ್ಪಲು ಬಿಡೋದಿಲ್ಲ.

ಮುಂದಿನ ಸಂಚಿಕೆಯಲ್ಲಿ, ತೂಕ ಏರದ ಕೂಸಿನ ಆರೈಕೆ.